ಕಳೆದ ಮುಖವನ್ನು ಮರಳಿ ಕಟ್ಟಿದ ಗಿಲ್ಲೀಸ್

ಪ್ಲಾಸ್ಟಿಕ್ ಸರ್ಜರಿ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಚಿತ್ರತಾರೆಯರ ತಿದ್ದಿದ ಮೂಗು, ಸುಕ್ಕು ಮಾಯವಾದ ಹಣೆ. ದುಡ್ಡಿದ್ದವರು ಅಂದಕ್ಕಾಗಿ ಮಾಡಿಸಿಕೊಳ್ಳುವ ಚಿಕಿತ್ಸೆ ಅದು ಎಂಬ ಭಾವನೆ ಬೇರೂರಿಬಿಟ್ಟಿದೆ. ಈ ಶಾಸ್ತ್ರಕ್ಕೆ ಆಧುನಿಕ ರೂಪವನ್ನು ಕೊಟ್ಟ ಸರ್ ಹೆರಾಲ್ಡ್ ಗಿಲ್ಲೀಸ್ ಅವರ ಬದುಕು ಬೇರೆಯದೇ ಕಥೆಯನ್ನು ಹೇಳುತ್ತದೆ. ಅವರು ಈ ದಾರಿಗೆ ಹೊರಳಿದ್ದು ಒಬ್ಬ ಕ್ಯಾನ್ಸರ್ ರೋಗಿಯ ಮುಖದ ಮೇಲೆ ನಡೆದ ಶಸ್ತ್ರಚಿಕಿತ್ಸೆಯನ್ನು ಕಂಡು. ಮಹಾಯುದ್ಧದ ಗಾಯಾಳುಗಳ ನಡುವೆ ಅವರು ಪಳಗಿಸಿಕೊಂಡ ವಿದ್ಯೆ ಕಾಲಕ್ರಮದಲ್ಲಿ ಕ್ಯಾನ್ಸರ್ ರೋಗಿಗಳ ಬಳಿಗೇ ಮರಳಿತು. ಬಾಯಿಯ ಕ್ಯಾನ್ಸರ್ ಇಷ್ಟೊಂದು ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಆ ಬದುಕನ್ನು ಮತ್ತೊಮ್ಮೆ ಅವಲೋಕಿಸುವುದಕ್ಕೆ ಅರ್ಥವಿದೆ.

ಗಿಲ್ಲೀಸ್ ಜನಿಸಿದ್ದು 1882ರ ಜೂನ್ 17ರಂದು, ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ. ಎಂಟು ಮಕ್ಕಳಲ್ಲಿ ಅವರೇ ಕಿರಿಯರು. ಸಂಸತ್ತಿನ ಸದಸ್ಯರಾಗಿದ್ದ ತಂದೆ ರಾಬರ್ಟ್ ಅವರಿಗೆ ಆಕಾಶವೀಕ್ಷಣೆಯ ಹವ್ಯಾಸವಿತ್ತು. ಮಗ ಎಳೆಯನಾಗಿದ್ದಾಗಲೇ ಅವರು ತೀರಿಕೊಂಡರು. ಬಾಲ್ಯದಲ್ಲಿ ಬಿದ್ದು ಮೊಣಕೈ ಮುರಿದುಕೊಂಡ ಹುಡುಗನಿಗೆ ಆ ಕೀಲಿನ ಬಿಗಿತ ಕೊನೆಯವರೆಗೂ ಉಳಿಯಿತು. ಆದರೂ ಆತ ಶಾಲೆಯ ಕ್ರಿಕೆಟ್ ತಂಡದ ನಾಯಕನಾದ. ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ 1904ರ ಪ್ರಸಿದ್ಧ ದೋಣಿ ಸ್ಪರ್ಧೆಯಲ್ಲಿ ಹುಟ್ಟುಹಾಕಿದ. ಗಾಲ್ಫ್ ಆಟದಲ್ಲಿ ಇಂಗ್ಲೆಂಡನ್ನು ಪ್ರತಿನಿಧಿಸುವ ಮಟ್ಟಕ್ಕೆ ಬೆಳೆದ. ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯಲ್ಲಿ ವೈದ್ಯಕೀಯ ತರಬೇತಿ ಮುಗಿಸಿ, 1910ರಲ್ಲಿ ಎಫ್‌ಆರ್‌ಸಿಎಸ್ ಪದವಿ ಪಡೆದು, ಕಿವಿ, ಮೂಗು, ಗಂಟಲಿನ ತಜ್ಞರಾಗಿ ವೃತ್ತಿ ಆರಂಭಿಸಿದರು. 1911ರಲ್ಲಿ ವಿವಾಹವಾಯಿತು. ಯುದ್ಧವೊಂದು ಬಾರದೇ ಹೋಗಿದ್ದರೆ ಸಿರಿವಂತ ಗಾಯಕರ ಗಂಟಲು ಪರೀಕ್ಷಿಸುತ್ತ, ಬಿಡುವಿನಲ್ಲಿ ಗಾಲ್ಫ್ ಆಡುತ್ತ ಸುಖವಾಗಿ ಬಾಳಿಬಿಡಬಹುದಾಗಿದ್ದ ಮನುಷ್ಯ ಅವರು.

1914ರಲ್ಲಿ ಯುದ್ಧ ಬಂತು. ಮರುವರ್ಷ ರೆಡ್ ಕ್ರಾಸ್ ಮೂಲಕ ಫ್ರಾನ್ಸಿಗೆ ತೆರಳಿದ ಗಿಲ್ಲೀಸ್ ಅಲ್ಲಿ ಚಾರ್ಲ್ಸ್ ವಲಾಡಿಯೇ ಎಂಬ ದಂತವೈದ್ಯನನ್ನು ಕಂಡರು. ತನ್ನ ರೋಲ್ಸ್ ರಾಯ್ಸ್ ಕಾರಿನಲ್ಲಿಯೇ ದಂತಚಿಕಿತ್ಸೆಯ ಕುರ್ಚಿಯನ್ನು ಅಳವಡಿಸಿಕೊಂಡಿದ್ದ ಈ ವಿಲಕ್ಷಣ ವ್ಯಕ್ತಿ ಚೂರಾದ ದವಡೆಗಳನ್ನು ಕೂಡಿಸುವುದರಲ್ಲಿ ನಿಪುಣ. ಮುಖದ ಗಾಯಗಳ ಬಗ್ಗೆ ಆಸಕ್ತಿ ಕೆರಳಿಸಿದ್ದು ಆತ. ಅದನ್ನು ಜೀವಮಾನದ ವ್ರತವಾಗಿಸಿದ್ದು ಪ್ಯಾರಿಸ್ಸಿನ ವಾಲ್ ದ ಗ್ರಾಸ್ ಸೈನಿಕ ಆಸ್ಪತ್ರೆಯ ಶಸ್ತ್ರವೈದ್ಯ ಹಿಪೊಲಿಟ್ ಮೊರೆಸ್ತಾಂ. ಕ್ಯಾನ್ಸರಿನಿಂದ ವಿಕಾರಗೊಂಡಿದ್ದ ಮುಖವೊಂದರ ಅರ್ಧಭಾಗವನ್ನು ಕತ್ತರಿಸಿ ತೆಗೆದ ಮೊರೆಸ್ತಾಂ, ಅದೇ ಸರದಿಯಲ್ಲಿ ರೋಗಿಯ ಕುತ್ತಿಗೆಯಿಂದ ಚರ್ಮದ ಪದರವೊಂದನ್ನು ಮೇಲಕ್ಕೆ ತಿರುಗಿಸಿ ಕೆನ್ನೆ, ಮೂಗಿನ ಪಕ್ಕ ಮತ್ತು ತುಟಿಯನ್ನು ಮರಳಿ ರೂಪಿಸಿದರು. ಗಿಲ್ಲೀಸ್ ಬೆರಗಾಗಿ ನೋಡಿದರು. ರೋಗವನ್ನು ಕಿತ್ತುಹಾಕುವುದು, ಕಿತ್ತ ಜಾಗವನ್ನು ಕಟ್ಟುವುದು ಎರಡೂ ಒಂದೇ ಚಿಕಿತ್ಸೆಯ ಎರಡು ಅರ್ಧಗಳೆಂಬುದು ಅವರಿಗೆ ಅಂದು ಮನದಟ್ಟಾಯಿತು. ಇನ್ನಷ್ಟು ಕಲಿಯುವ ಆಸೆಯಿಂದ ಮತ್ತೊಮ್ಮೆ ಹೋದಾಗ ಮೊರೆಸ್ತಾಂ ಬಾಗಿಲು ತೆರೆಯಲಿಲ್ಲ. ವಿದ್ಯೆಯನ್ನು ಬಚ್ಚಿಡುವ ಆ ಗುಣವನ್ನು ಮಾತ್ರ ಗಿಲ್ಲೀಸ್ ಕಲಿಯಲಿಲ್ಲ. ಅವರ ಶಸ್ತ್ರಚಿಕಿತ್ಸಾ ಕೊಠಡಿಯ ಬಾಗಿಲು ದೇಶವಿದೇಶಗಳ ವೈದ್ಯರಿಗೆ ತೆರೆದೇ ಇತ್ತು.

ಇಲ್ಲಿ ಎರಡು ಪದಗಳನ್ನು ಬಿಡಿಸಿ ತಿಳಿಯಬೇಕು. ದೇಹದಲ್ಲಿ ಚರ್ಮವಿಲ್ಲದ ಜಾಗವನ್ನು ಮುಚ್ಚಲು ಮುಖ್ಯವಾಗಿ ಎರಡು ಮಾರ್ಗಗಳಿವೆ. ಒಂದು ಚರ್ಮಕಸಿ. ತೊಡೆಯಿಂದಲೋ ಕಿವಿಯ ಹಿಂಬದಿಯಿಂದಲೋ ಚರ್ಮವನ್ನು ಪೂರ್ತಿಯಾಗಿ ಬೇರ್ಪಡಿಸಿ ಗಾಯದ ಮೇಲೆ ಹಾಸುತ್ತಾರೆ. ಹೀಗೆ ಬಿಡಿಸಿ ತಂದ ಚರ್ಮಕ್ಕೆ ತನ್ನದೆಂಬ ರಕ್ತನಾಳವಿರುವುದಿಲ್ಲ. ಮೊದಲ ಒಂದೆರಡು ದಿನ ಅದು ಗಾಯದಿಂದ ಜಿನುಗುವ ದ್ರವವನ್ನು ಹೀರಿ ಜೀವ ಹಿಡಿದುಕೊಂಡಿರುತ್ತದೆ. ಆಮೇಲೆ ಕೆಳಗಿನ ಅಂಗಾಂಶದಿಂದ ಸೂಕ್ಷ್ಮ ರಕ್ತನಾಳಗಳು ಅದರೊಳಕ್ಕೆ ಬೆಳೆದರೆ ಕಸಿ ಹಿಡಿಯುತ್ತದೆ, ಇಲ್ಲವಾದರೆ ಒಣಗಿ ಉದುರುತ್ತದೆ. ಎರಡನೆಯದು ವೈದ್ಯರು ಫ್ಲ್ಯಾಪ್ ಎಂದು ಕರೆಯುವ ಪದರ. ಇದು ಚರ್ಮವನ್ನು ಅಡಿಯ ಕೊಬ್ಬಿನೊಂದಿಗೆ, ಬೇಕಾದರೆ ಸ್ನಾಯುವಿನೊಂದಿಗೂ ಎಬ್ಬಿಸಿ, ಒಂದು ತುದಿಯನ್ನು ಮೂಲಸ್ಥಾನದಲ್ಲಿಯೇ ಉಳಿಸಿಕೊಂಡು ಹತ್ತಿರದ ಗಾಯಕ್ಕೆ ತಿರುಗಿಸುವ ವಿಧಾನ. ಉಳಿದ ಆ ತುದಿಯಿಂದ ರಕ್ತ ಹರಿಯುತ್ತಲೇ ಇರುವುದರಿಂದ ಪದರ ತನ್ನ ಅನ್ನವನ್ನು ತಾನೇ ಹೊತ್ತು ತರುತ್ತದೆ. ಎಲುಬು ಕಾಣುತ್ತಿರುವ ಗಾಯ, ಆಳವಾದ ಗುಳಿ, ವಿಕಿರಣ ಚಿಕಿತ್ಸೆಯಿಂದ ರಕ್ತಸಂಚಾರ ಕುಂದಿದ ಜಾಗ ಇಂತಹ ಕಡೆಗಳಲ್ಲಿ ಕಸಿ ಸೋಲುತ್ತದೆ, ಫ್ಲ್ಯಾಪ್ ಗೆಲ್ಲುತ್ತದೆ. ಕ್ಯಾನ್ಸರ್ ಚಿಕಿತ್ಸೆಯ ನಂತರದ ಮರುರಚನೆಯಲ್ಲಿ ಇದಕ್ಕೆ ಇಷ್ಟು ಪ್ರಾಮುಖ್ಯ ಬರಲು ಅದೇ ಕಾರಣ.

ಈ ವಿದ್ಯೆಯ ಬೇರುಗಳು ನಮ್ಮ ನೆಲದಲ್ಲಿಯೂ ಇವೆ. ಕೆನ್ನೆಯ ಚರ್ಮದಿಂದ ಮೂಗನ್ನು ಕಟ್ಟುವ ಕ್ರಮವನ್ನು ಸುಶ್ರುತಸಂಹಿತೆ ವಿವರಿಸುತ್ತದೆ. 1792ರಲ್ಲಿ ಮುಗಿದ ಮೂರನೆಯ ಮೈಸೂರು ಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸಜೀ ಎಂಬಾತ ಟಿಪ್ಪು ಸುಲ್ತಾನನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಪುಣೆಯ ಸಮೀಪದ ಕುಂಬಾರ ಮನೆತನದ ಒಬ್ಬ ಚಿಕಿತ್ಸಕ ಹಣೆಯ ಚರ್ಮವನ್ನು ಕೆಳಕ್ಕೆ ತಿರುಗಿಸಿ ಅವನಿಗೆ ಹೊಸ ಮೂಗನ್ನು ಮಾಡಿಕೊಟ್ಟ. ಈ ವೃತ್ತಾಂತ 1794ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಝೀನ್ ಎಂಬ ಪತ್ರಿಕೆಯಲ್ಲಿ ಚಿತ್ರಸಮೇತ ಪ್ರಕಟವಾಯಿತು. ಅದನ್ನು ಅನುಸರಿಸಿ ಜೋಸೆಫ್ ಕಾರ್ಪ್ಯೂ ಎಂಬ ಆಂಗ್ಲ ವೈದ್ಯ 1814ರಲ್ಲಿ ಇಂಗ್ಲೆಂಡಿನಲ್ಲಿ ಅದೇ ಶಸ್ತ್ರಚಿಕಿತ್ಸೆ ಮಾಡಿ ಯಶಸ್ವಿಯಾದ. ಮುಂದೆ ಭಾರತೀಯ ವಿಧಾನವೆಂದೇ ಹೆಸರಾದ ಈ ಹಣೆಯ ಫ್ಲ್ಯಾಪನ್ನು ಗಿಲ್ಲೀಸ್ ಕೂಡ ತಮ್ಮ ಗಾಯಾಳುಗಳ ಮೂಗು ಕಟ್ಟಲು ಬಳಸಿದರು.

ಇಂಗ್ಲೆಂಡಿಗೆ ಮರಳಿದ ಗಿಲ್ಲೀಸ್ ಮುಖದ ಗಾಯಗಳಿಗೇ ಪ್ರತ್ಯೇಕ ವಿಭಾಗ ಬೇಕೆಂದು ಸೈನ್ಯದ ಮುಖ್ಯ ಶಸ್ತ್ರವೈದ್ಯರ ಬೆನ್ನು ಬಿದ್ದರು. 1916ರ ಜನವರಿಯಲ್ಲಿ ಆಲ್ಡರ್‌ಶಾಟ್‌ನ ಕೇಂಬ್ರಿಜ್ ಸೈನಿಕ ಆಸ್ಪತ್ರೆಯಲ್ಲಿ ಅದು ಆರಂಭವಾಯಿತು. ಗಾಯಾಳುಗಳು ಬೇರೆ ಆಸ್ಪತ್ರೆಗಳಿಗೆ ಚೆದುರಿ ಹೋಗಬಾರದೆಂದು ಹತ್ತು ಪೌಂಡ್ ಸ್ವಂತ ಹಣ ಕೊಟ್ಟು, ತಮ್ಮ ವಿಳಾಸವಿರುವ ಚೀಟಿಗಳನ್ನು ಖರೀದಿಸಿ, ಯುದ್ಧಭೂಮಿಯಲ್ಲಿ ಮುಖಕ್ಕೆ ಪೆಟ್ಟಾದವರಿಗೆ ಕಟ್ಟಲೆಂದು ಕಳಿಸಿದರು. ಅದೇ ವರ್ಷದ ಜುಲೈನಲ್ಲಿ ಸೋಮ್ ನದಿಯ ಕದನ ಶುರುವಾದಾಗ ಇನ್ನೂರು ಮಂದಿ ಬರಬಹುದೆಂದು ಸಿದ್ಧರಾಗಿದ್ದವರ ಮುಂದೆ ಎರಡು ಸಾವಿರ ಗಾಯಾಳುಗಳು ಬಂದು ನಿಂತರು. ಕಂದಕದಿಂದ ತಲೆಯೆತ್ತಿದವನಿಗೆ ಗುಂಡು ತಗುಲುತ್ತಿದ್ದುದು ಮುಖಕ್ಕೆ. ಕೈಕಾಲು ಕಳೆದುಕೊಂಡ ಯೋಧನನ್ನು ಊರು ಮೆರವಣಿಗೆಯಲ್ಲಿ ಸ್ವಾಗತಿಸುತ್ತಿತ್ತು, ಮುಖ ಕಳೆದುಕೊಂಡವನನ್ನು ಕಂಡು ಕಣ್ಣು ತಿರುಗಿಸುತ್ತಿತ್ತು.

1917ರಲ್ಲಿ ಲಂಡನ್ನಿನ ಸಮೀಪದ ಸಿಡ್‌ಕಪ್‌ನಲ್ಲಿ ಈ ಗಾಯಾಳುಗಳಿಗಾಗಿಯೇ ಕ್ವೀನ್ಸ್ ಆಸ್ಪತ್ರೆ ತೆರೆಯಿತು. ಮುಂದಿನ ಎಂಟು ವರ್ಷಗಳಲ್ಲಿ ಅಲ್ಲಿ ಐದು ಸಾವಿರಕ್ಕೂ ಹೆಚ್ಚು ರೋಗಿಗಳಿಗೆ ಹನ್ನೊಂದು ಸಾವಿರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು. ವಾರ್ಡುಗಳಲ್ಲಿ ಕನ್ನಡಿಗೆ ನಿಷೇಧವಿತ್ತು. ಊರಿಗೆ ಹೋಗುವ ರಸ್ತೆಯ ಪಕ್ಕದ ಕೆಲವು ಬೆಂಚುಗಳಿಗೆ ನೀಲಿ ಬಣ್ಣ ಬಳಿದಿದ್ದರು. ಅಲ್ಲಿ ಕುಳಿತವರನ್ನು ನೋಡಿ ಬೆಚ್ಚಬಾರದೆಂಬ ಮುನ್ಸೂಚನೆ ಅದು. ಶಸ್ತ್ರವೈದ್ಯನಾಗಿ ಆಮೇಲೆ ಚಿತ್ರಕಾರನಾದ ಹೆನ್ರಿ ಟಾಂಕ್ಸ್ ಅವರಿಂದ ಗಿಲ್ಲೀಸ್ ರೋಗಿಗಳ ಮುಖಗಳನ್ನು ಶಸ್ತ್ರಚಿಕಿತ್ಸೆಯ ಮೊದಲು ಮತ್ತು ನಂತರ ಬರೆಯಿಸಿದರು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಗ್ರಹದಲ್ಲಿರುವ ಆ ವರ್ಣಚಿತ್ರಗಳು ಇಂದಿಗೂ ನೋಡುವವರ ಎದೆ ನಡುಗಿಸುತ್ತವೆ.

ಗಿಲ್ಲೀಸ್ ಅವರ ಹೆಸರನ್ನು ಶಾಶ್ವತಗೊಳಿಸಿದ ದಿನ 1917ರ ಅಕ್ಟೋಬರ್ 3. ಜಟ್ಲೆಂಡ್ ನೌಕಾಕದನದಲ್ಲಿ ಮುಖ ಸುಟ್ಟುಕೊಂಡಿದ್ದ ವಿಲ್ಲಿ ವಿಕರೇಜ್ ಎಂಬ ನಾವಿಕನ ಎದೆಯಿಂದ ಚರ್ಮದ ಉದ್ದನೆಯ ಪಟ್ಟಿಗಳನ್ನು ಎಬ್ಬಿಸುತ್ತಿದ್ದಾಗ ಅವುಗಳ ಅಂಚುಗಳು ತಾವಾಗಿಯೇ ಒಳಕ್ಕೆ ಸುರುಳಿಯಾಗುತ್ತಿದ್ದುದನ್ನು ಅವರು ಗಮನಿಸಿದರು. ಆ ಅಂಚುಗಳನ್ನು ಸೇರಿಸಿ ಹೊಲಿದರೆ ಪಟ್ಟಿ ಕೊಳವೆಯಾಗುತ್ತದೆ, ಒಳಗಿನ ಹಸಿ ಮೈ ಮುಚ್ಚಿಹೋಗುತ್ತದೆ ಎಂದು ಹೊಳೆಯಿತು. ಪ್ರತಿಜೀವಕ ಔಷಧಗಳು ಇನ್ನೂ ಇಲ್ಲದ ಕಾಲ ಅದು. ತೆರೆದ ಫ್ಲ್ಯಾಪಿನ ಅಡಿಭಾಗಕ್ಕೆ ಸೋಂಕು ತಗುಲಿ ಇಡೀ ಶ್ರಮ ನೀರಾಗುತ್ತಿತ್ತು. ಕೊಳವೆಯಾದ ಚರ್ಮ ಸೋಂಕನ್ನು ತಡೆಯಿತು, ರಕ್ತಸಂಚಾರವನ್ನು ಕಾಪಾಡಿತು. ಅದಕ್ಕಿಂತ ಮಿಗಿಲಾದ ಅನುಕೂಲವೆಂದರೆ, ಕೊಳವೆಯ ಒಂದು ತುದಿ ಹೊಸ ಜಾಗದಲ್ಲಿ ಬೇರೂರಿದ ಕೆಲವು ವಾರಗಳ ಬಳಿಕ ಇನ್ನೊಂದು ತುದಿಯನ್ನು ಬಿಡಿಸಿ ಮುಂದಕ್ಕೆ ಒಯ್ಯಬಹುದಾಗಿತ್ತು. ಹೊಟ್ಟೆಯ ಚರ್ಮ ಮುಂಗೈಗೆ ಅಂಟಿ, ಮುಂಗೈಯ ಮೂಲಕ ಮುಖವನ್ನು ತಲುಪಬಹುದಾಗಿತ್ತು. ಒಡೆಸ್ಸಾದ ವ್ಲಾದಿಮಿರ್ ಫಿಲಾತೊವ್, ಜರ್ಮನಿಯ ಹ್ಯೂಗೋ ಗಾಂಜರ್ ಕೂಡ ಅದೇ ಕಾಲದಲ್ಲಿ ಪರಸ್ಪರ ಅರಿವಿಲ್ಲದೆ ಇದೇ ಉಪಾಯವನ್ನು ಕಂಡುಕೊಂಡಿದ್ದರು. ಅದನ್ನು ಸಾವಿರಾರು ರೋಗಿಗಳ ಮೇಲೆ ಒರೆಗೆ ಹಚ್ಚಿ ಒಂದು ಪದ್ಧತಿಯಾಗಿ ನಿಲ್ಲಿಸಿದ ಹಿರಿಮೆ ಗಿಲ್ಲೀಸ್ ಅವರದು.

ಸೋಲುಗಳೂ ಇದ್ದವು. ವಿಮಾನಾಪಘಾತದಲ್ಲಿ ಮುಖವಿಡೀ ಸುಟ್ಟುಹೋಗಿದ್ದ ಹೆನ್ರಿ ಲಮ್ಲಿ ಎಂಬ ತರುಣ ವಾಯುಸೈನಿಕನಿಗೆ ಎದೆಯ ಚರ್ಮದಿಂದ ಒಂದೇ ಸಲಕ್ಕೆ ಇಡೀ ಮುಖವನ್ನು ಹೊದಿಸಲು 1918ರಲ್ಲಿ ಗಿಲ್ಲೀಸ್ ಪ್ರಯತ್ನಿಸಿದರು. ಚರ್ಮ ಕೊಳೆಯಿತು, ಬಳಲಿದ ಯುವಕ ತೀರಿಕೊಂಡ. ಈ ಸಾವನ್ನು ಗಿಲ್ಲೀಸ್ ಮರೆಯಲಿಲ್ಲ, ಮರೆಮಾಚಲೂ ಇಲ್ಲ. ದೊಡ್ಡ ಕೆಲಸವನ್ನು ಹಂತಹಂತವಾಗಿ ಮಾಡಬೇಕು, ರೋಗಿಯ ದೇಹ ಚೇತರಿಸಿಕೊಳ್ಳುವವರೆಗೆ ಕಾಯಬೇಕು, ನಾಳೆಗೆ ಬಿಡಬಹುದಾದ್ದನ್ನು ಇಂದೇ ಮಾಡುವ ಆತುರ ಸಲ್ಲದು ಎಂಬುದು ಅವರ ಬೋಧನೆಯ ಮೂಲಸೂತ್ರವಾಯಿತು.

ಅವರ ಇನ್ನೊಂದು ಸೂತ್ರ ಬಾಯಿಯ ಕ್ಯಾನ್ಸರ್ ಚಿಕಿತ್ಸೆಗೆ ನೇರವಾಗಿ ಸಂಬಂಧಿಸಿದ್ದು. ಅವರಿಗಿಂತ ಹಿಂದಿನವರು ಕೆನ್ನೆಯಲ್ಲಿ ತೂತಾದರೆ ಹೊರಗಿನಿಂದ ಚರ್ಮವನ್ನೆಳೆದು ಮುಚ್ಚುತ್ತಿದ್ದರು. ಒಳಗೋಡೆಯಿಲ್ಲದ ಆ ಚರ್ಮ ಕಾಲಕ್ರಮದಲ್ಲಿ ಸಂಕುಚಿತಗೊಂಡು ಬಾಯಿ ಬಿಗಿದುಕೊಳ್ಳುತ್ತಿತ್ತು. ಗಿಲ್ಲೀಸ್ ಮನೆ ಕಟ್ಟುವವರಂತೆ ಒಳಗಿನಿಂದ ಹೊರಗೆ ಬಂದರು: ಮೊದಲು ಬಾಯಿಯ ಒಳಪದರ, ಅದರ ಮೇಲೆ ಎಲುಬು ಅಥವಾ ಮೃದ್ವಸ್ಥಿಯ ಆಧಾರ, ಕೊನೆಗೆ ಹೊರಚರ್ಮ. ಕಳೆದುಹೋದದ್ದು ಯಾವುದೋ ಅದನ್ನೇ ಹೋಲುವ ಅಂಗಾಂಶವನ್ನು ಅಲ್ಲಿಗೆ ತರಬೇಕೆಂಬುದು ಅವರ ನಿಲುವು. ಇದಕ್ಕಾಗಿ ದಂತವೈದ್ಯರನ್ನು ತಮ್ಮ ಸರಿಸಮನಾಗಿ ಜತೆಗಿರಿಸಿಕೊಂಡರು. ಮುಖದ ಮೇಲೆ ಕೆಲಸ ನಡೆಯುವಾಗ ಅರಿವಳಿಕೆಯ ಮುಖವಾಡ ಅಡ್ಡಬರುತ್ತಿದ್ದ ತೊಡಕನ್ನು ಸಿಡ್‌ಕಪ್‌ನಲ್ಲಿಯೇ ಐವನ್ ಮೆಗಿಲ್ ಮತ್ತು ಸ್ಟ್ಯಾನ್ಲಿ ರೋಬಾಥಮ್ ಶ್ವಾಸನಾಳಕ್ಕೆ ಕೊಳವೆ ತೂರಿಸುವ ಕ್ರಮವನ್ನು ಬೆಳೆಸಿ ಬಗೆಹರಿಸಿದರು. ಇಂದು ಬಾಯಿಯ, ಗಂಟಲಿನ ದೀರ್ಘ ಶಸ್ತ್ರಚಿಕಿತ್ಸೆಗಳು ಸಾಧ್ಯವಾಗಿರುವುದರ ಹಿಂದೆ ಆ ಕೊಡುಗೆಯೂ ಇದೆ.

ಶಾಂತಿ ಮರಳಿದಾಗ ಈ ವಿದ್ಯೆಗೆ ಜಾಗವಿರಲಿಲ್ಲ. 1920ರಲ್ಲಿ ಗಿಲ್ಲೀಸ್ ತಮ್ಮ ಅನುಭವವನ್ನೆಲ್ಲ ಮುಖದ ಪ್ಲಾಸ್ಟಿಕ್ ಸರ್ಜರಿಯನ್ನು ಕುರಿತ ಗ್ರಂಥವೊಂದರಲ್ಲಿ ದಾಖಲಿಸಿದರು. ವೈದ್ಯಲೋಕ ಅದನ್ನು ಪ್ರತ್ಯೇಕ ಶಾಖೆಯಾಗಿ ಒಪ್ಪಲು ಹಿಂಜರಿಯಿತು, ಅಂದಗಾಣಿಸುವ ಕೆಲಸವೆಂದು ಮೂಗುಮುರಿಯಿತು. ಸರ್ ಪದವಿ ಅವರಿಗೆ ದೊರೆತದ್ದು ಯುದ್ಧ ಮುಗಿದು ಹನ್ನೆರಡು ವರ್ಷಗಳಾದ ಮೇಲೆ, 1930ರಲ್ಲಿ. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಇಡೀ ಬ್ರಿಟನ್ನಿನಲ್ಲಿ ಈ ಶಾಖೆಯಲ್ಲಿ ಪೂರ್ಣ ಅನುಭವವುಳ್ಳವರು ನಾಲ್ವರೇ ಇದ್ದರು: ಗಿಲ್ಲೀಸ್, ಅವರ ಸಂಬಂಧಿ ಆರ್ಚಿಬಾಲ್ಡ್ ಮೆಕಿಂಡೋ, ಕಿಲ್ನರ್ ಮತ್ತು ಮೌಲೆಮ್. ಬೇಸಿಂಗ್‌ಸ್ಟೋಕ್ ಸಮೀಪದ ರೂಕ್ಸ್‌ಡೌನ್ ಹೌಸ್‌ನಲ್ಲಿ ಗಿಲ್ಲೀಸ್ ಮತ್ತೆ ಗಾಯಾಳುಗಳ ನಡುವೆ ನಿಂತರು. 1946ರಲ್ಲಿ ಬ್ರಿಟಿಷ್ ಪ್ಲಾಸ್ಟಿಕ್ ಸರ್ಜನ್ನರ ಸಂಘ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾದರು.

ಅದೇ ದಶಕದಲ್ಲಿ ಅವರ ಕೊಳವೆ ವಿಧಾನ ಕ್ಯಾನ್ಸರಿನ ಇನ್ನೊಂದು ಗಾಯವನ್ನು ಮುಟ್ಟಿತು. ಸ್ತನ ಕ್ಯಾನ್ಸರಿಗೆ ಅಂದಿದ್ದ ಮುಖ್ಯ ಚಿಕಿತ್ಸೆಯೆಂದರೆ ಸ್ತನವನ್ನೂ ಅದರಡಿಯ ಸ್ನಾಯುವನ್ನೂ ಸಮೂಲವಾಗಿ ತೆಗೆದುಹಾಕುವುದು. ಆಮೇಲೆ ಆ ಮಹಿಳೆ ಹೇಗೆ ಬಾಳಬೇಕೆಂದು ಕೇಳುವವರು ವಿರಳ. ಜೀವ ಉಳಿದದ್ದೇ ಹೆಚ್ಚು, ಇನ್ನೇನನ್ನೂ ಬಯಸುವುದು ಅತಿಯಾಸೆ ಎಂಬ ಧೋರಣೆಯಿತ್ತು. ಗಿಲ್ಲೀಸ್ ಹೊಟ್ಟೆಯ ಚರ್ಮ ಮತ್ತು ಕೊಬ್ಬನ್ನು ಕೊಳವೆಯಾಗಿ ಮೇಲಕ್ಕೊಯ್ದು ಸ್ತನವನ್ನು ಮರಳಿ ರೂಪಿಸಿದರು, 1945ರಲ್ಲಿ ಆ ಕ್ರಮವನ್ನು ವೈದ್ಯಪತ್ರಿಕೆಯಲ್ಲಿ ವಿವರಿಸಿದರು. ಹಲವು ಹಂತಗಳ, ತಿಂಗಳುಗಟ್ಟಲೆ ಹಿಡಿಯುವ, ಸುಲಭವಲ್ಲದ ಚಿಕಿತ್ಸೆ ಅದು. ಹೊಟ್ಟೆಯ ಅಂಗಾಂಶದಿಂದ ಸ್ತನ ಕಟ್ಟುವ ಇಂದಿನ ವಿಧಾನಗಳಿಗೆ ಅದು ಪೂರ್ವಜ.

ಗಿಲ್ಲೀಸ್ ಅವರ ಶಿಷ್ಯವರ್ಗದಲ್ಲಿ ಹುಬ್ಬಳ್ಳಿಯಲ್ಲಿ 1922ರಲ್ಲಿ ಜನಿಸಿದ ಪಾರ್ಸಿ ತರುಣರೊಬ್ಬರೂ ಇದ್ದರು. ಅವರೇ ಡಾ. ನೋಶಿರ್ ಅಂಟಿಯಾ. ಇಂಗ್ಲೆಂಡಿನಲ್ಲಿ ಗುರುವಿನಿಂದ ಕಲಿತ ವಿದ್ಯೆಯನ್ನು ಅವರು ಸಿರಿವಂತರ ಮಾರುಕಟ್ಟೆಗೆ ಒಯ್ಯಲಿಲ್ಲ. ಕುಷ್ಠರೋಗದಿಂದ ಮೂಗು ಕುಸಿದವರ, ಬೆರಳು ಮುದುಡಿದವರ ಸೇವೆಗೆ ಇಳಿದರು, ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗವನ್ನು ಕಟ್ಟಿದರು. ಕಿವಿಯ ಅಂಚಿನ ಗೆಡ್ಡೆಯನ್ನು ತೆಗೆದಾಗ ಉಳಿಯುವ ತೂತನ್ನು ಕಿವಿಯ ಉಳಿದ ಅಂಚಿನಿಂದಲೇ ಮುಚ್ಚಲು ಬಳಸುವ, 1967ರಲ್ಲಿ ಪ್ರಕಟವಾದ ಫ್ಲ್ಯಾಪ್ ವಿಧಾನಕ್ಕೆ ಜಗತ್ತಿನ ಪಠ್ಯಪುಸ್ತಕಗಳಲ್ಲಿ ಅವರ ಹೆಸರಿದೆ.

ಗಿಲ್ಲೀಸ್ ಗಂಭೀರ ಮುಖದ ಋಷಿಯಾಗಿರಲಿಲ್ಲ. ಕೀಟಲೆ ಮಾಡುವುದರಲ್ಲಿ ನಿಸ್ಸೀಮ. ಗಾಲ್ಫ್ ಮೈದಾನದಲ್ಲಿ ಚೆಂಡನ್ನು ವಿಚಿತ್ರವಾದ ಎತ್ತರದ ಆಸರೆಯ ಮೇಲಿಟ್ಟು ಹೊಡೆದು ಸಂಪ್ರದಾಯಸ್ಥರನ್ನು ಕೆಣಕುತ್ತಿದ್ದರು. ತೈಲಚಿತ್ರಗಳನ್ನು ಬರೆದು ಲಂಡನ್ನಿನಲ್ಲಿ ಪ್ರದರ್ಶಿಸಿದರು. 1957ರಲ್ಲಿ ಪತ್ನಿ ತೀರಿಕೊಂಡರು. ಅದೇ ವರ್ಷ, ಬಹುಕಾಲದಿಂದ ಶಸ್ತ್ರಚಿಕಿತ್ಸೆಗಳಲ್ಲಿ ನೆರವಾಗುತ್ತಿದ್ದ ಸಹಾಯಕಿಯನ್ನು ವರಿಸಿದರು. ಅಮೆರಿಕದ ಶಿಷ್ಯ ರಾಲ್ಫ್ ಮಿಲಾರ್ಡ್ ಜತೆ ಸೇರಿ ಬರೆದ ಬೃಹದ್ಗ್ರಂಥವೂ ಆ ವರ್ಷವೇ ಹೊರಬಂತು. 1960ರ ಆಗಸ್ಟ್ 3ರಂದು ಹದಿನೆಂಟರ ಹರೆಯದ ಹುಡುಗಿಯೊಬ್ಬಳ ಜಖಂಗೊಂಡ ಕಾಲಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದಾಗ ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತು. ಸೆಪ್ಟೆಂಬರ್ 10ರಂದು, 78ನೆಯ ವಯಸ್ಸಿನಲ್ಲಿ, ಅವರು ಕಣ್ಣುಮುಚ್ಚಿದರು.

ಅವರ ಕೊಳವೆ ಇಂದು ಬಹುಮಟ್ಟಿಗೆ ಇತಿಹಾಸಕ್ಕೆ ಸೇರಿದೆ. ಗ್ಲಾಸ್ಗೋದ ಇಯಾನ್ ಮೆಗ್ರೆಗರ್ 1963ರಲ್ಲಿ ಹಣೆಯ ಫ್ಲ್ಯಾಪನ್ನು ಬಾಯಿಯೊಳಗೆ ತಂದು ಕ್ಯಾನ್ಸರ್ ತೆಗೆದ ಜಾಗವನ್ನು ಮುಚ್ಚುವ ಕ್ರಮವನ್ನು ಪ್ರಕಟಿಸಿದರು. ಅಮೆರಿಕದಲ್ಲಿ ಬಕಾಮ್ಜಿಯನ್ 1965ರಲ್ಲಿ ಎದೆಯ ಮೇಲ್ಭಾಗದ ಚರ್ಮವನ್ನೂ, ಏರಿಯನ್ 1979ರಲ್ಲಿ ಎದೆಯ ಸ್ನಾಯುವಿನ ಸಮೇತ ಚರ್ಮವನ್ನೂ ಕುತ್ತಿಗೆ, ಬಾಯಿಗಳಿಗೆ ತಿರುಗಿಸುವ ಮಾರ್ಗವನ್ನು ತೋರಿಸಿದರು. ಸೂಕ್ಷ್ಮದರ್ಶಕದ ಅಗತ್ಯವಿಲ್ಲದ ಈ ಎದೆಸ್ನಾಯುವಿನ ವಿಧಾನ ಭಾರತದ ಆಸ್ಪತ್ರೆಗಳಲ್ಲಿ ಇಂದಿಗೂ ವ್ಯಾಪಕ ಬಳಕೆಯಲ್ಲಿದೆ. 1970ರ ದಶಕದಿಂದೀಚೆಗೆ ಕೆಲವೇ ಮಿಲಿಮೀಟರ್ ಅಗಲದ ರಕ್ತನಾಳಗಳನ್ನು ಸೂಕ್ಷ್ಮದರ್ಶಕದಡಿ ಹೊಲಿದು ಜೋಡಿಸುವುದು ಸಾಧ್ಯವಾದ ಮೇಲೆ ಅಂಗಾಂಶವನ್ನು ದೇಹದ ಒಂದು ಮೂಲೆಯಿಂದ ಇನ್ನೊಂದಕ್ಕೆ ಒಂದೇ ದಿನದಲ್ಲಿ ಒಯ್ಯಬಹುದಾಗಿದೆ. ಮುಂಗೈಯ ಚರ್ಮ ನಾಲಿಗೆಯಾಗುತ್ತದೆ, ಮೊಣಕಾಲ ಕೆಳಗಿನ ತೆಳು ಎಲುಬು ದವಡೆಯಾಗುತ್ತದೆ. ಉಪಕರಣಗಳು ಬದಲಾದವು, ಗಿಲ್ಲೀಸ್ ಸೂತ್ರಗಳು ಬದಲಾಗಲಿಲ್ಲ.

ಭಾರತದ ಪುರುಷರನ್ನು ಅತಿಯಾಗಿ ಬಾಧಿಸುವ ಕ್ಯಾನ್ಸರುಗಳಲ್ಲಿ ಬಾಯಿಯ ಕ್ಯಾನ್ಸರ್ ಮುಂಚೂಣಿಯಲ್ಲಿದೆ. ಹೊಗೆಸೊಪ್ಪು, ಗುಟ್ಕಾಗಳ ಜತೆಗೆ ಅಡಿಕೆಯನ್ನು ಕೂಡ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲಿಯೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ಬೆಳೆಯುವುದರಲ್ಲಿ ದೇಶಕ್ಕೇ ಮೊದಲಿಗರಾದ ನಾವು ಆ ಸಂಗತಿಯನ್ನು ಕೇಳಿಯೂ ಕೇಳದಂತೆ ಇದ್ದೇವೆ. ಕೆನ್ನೆಯೊಳಗೆ ಹುಣ್ಣಾದಾಗ ಮುಖ ಕೆಟ್ಟೀತೆಂಬ ಭಯದಿಂದಲೇ ಶಸ್ತ್ರಚಿಕಿತ್ಸೆಯನ್ನು ಮುಂದೂಡುವವರು ನಮ್ಮ ನಡುವೆ ಇದ್ದಾರೆ. ಮುಂದೂಡಿದಷ್ಟೂ ಕತ್ತರಿಸಬೇಕಾದ ಭಾಗ ಹಿಗ್ಗುತ್ತದೆ. ಈ ಭಯಕ್ಕೆ ಉತ್ತರ ಮರುರಚನೆಯಲ್ಲಿದೆ.

ಮರುರಚನೆಯ ಪ್ರಯೋಜನ ರೂಪಕ್ಕಷ್ಟೇ ಸೀಮಿತವಲ್ಲ. ಗಾಯವನ್ನು ಮುಚ್ಚಲು ಸಾಧ್ಯವೆಂಬ ಭರವಸೆಯಿದ್ದರೆ ಶಸ್ತ್ರವೈದ್ಯ ಗೆಡ್ಡೆಯ ಸುತ್ತಲಿನ ಆರೋಗ್ಯವಂತ ಭಾಗವನ್ನೂ ಸಾಕಷ್ಟು ಸೇರಿಸಿ ತೆಗೆಯಬಲ್ಲ. ಮುಚ್ಚುವುದು ಹೇಗೆಂಬ ಚಿಂತೆ ಕಾಡಿದರೆ ಕೈ ಹಿಂಜರಿಯುತ್ತದೆ, ರೋಗದ ಬೇರು ಉಳಿದುಬಿಡುತ್ತದೆ. ಗಾಯ ಬೇಗ ಮಾಗಿದರೆ ಮುಂದಿನ ವಿಕಿರಣ ಚಿಕಿತ್ಸೆ ಸಕಾಲಕ್ಕೆ ಶುರುವಾಗುತ್ತದೆ. ಬಾಯಿಗೆ ಒಳಗೋಡೆ ಸಿಕ್ಕರೆ ರೋಗಿ ಉಣ್ಣಬಲ್ಲ, ನುಂಗಬಲ್ಲ, ನಾಲ್ಕು ಮಾತಾಡಬಲ್ಲ. ಮದುವೆಯ ಪಂಕ್ತಿಯಲ್ಲಿ ಎಲ್ಲರೊಡನೆ ಎಲೆಯ ಮುಂದೆ ಕೂರಬಲ್ಲ. ಇದನ್ನು ಅಲಂಕಾರವೆಂದು ಕರೆಯುವುದು ಅನ್ಯಾಯ.

ಆದ್ದರಿಂದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಒಳಗಾಗುವವರೂ ಅವರ ಮನೆಯವರೂ, ಗೆಡ್ಡೆಯನ್ನು ಹೇಗೆ ತೆಗೆಯುತ್ತೀರಿ ಎಂದು ವೈದ್ಯರನ್ನು ಕೇಳುವಾಗಲೇ, ತೆಗೆದ ಜಾಗವನ್ನು ಯಾವುದರಿಂದ, ಯಾವಾಗ ತುಂಬುತ್ತೀರಿ ಎಂದೂ ಕೇಳಬೇಕು. ಹಾಗೆ ಕೇಳುವುದು ರೋಗಿಯ ಹಕ್ಕು. ಆ ಪ್ರಶ್ನೆಗೆ ತಾಲ್ಲೂಕಿನಿಂದ ಬಂದ ಬಡವನಿಗೂ ಉತ್ತರ ಕೊಡಬಲ್ಲ ತಜ್ಞರನ್ನು, ಹಾಸಿಗೆಗಳನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಒದಗಿಸುವುದು ಆಳುವವರ ಹೊಣೆ. ಮುಖ ಕಳೆದುಕೊಂಡ ಸಾಮಾನ್ಯ ಸಿಪಾಯಿಗಾಗಿ ಜೇಬಿನ ಹಣ ಕೊಟ್ಟು ಚೀಟಿ ಕೊಂಡ ವೈದ್ಯ, ಜೀವ ಉಳಿಸಿದರೆ ಕೆಲಸ ಮುಗಿಯಿತೆಂದು ಎಂದೂ ಭಾವಿಸಲಿಲ್ಲ. ಉಳಿದ ಜೀವ ನಾಲ್ಕು ಜನರ ನಡುವೆ ತಲೆಯೆತ್ತಿ ನಡೆಯುವವರೆಗೂ ಚಿಕಿತ್ಸೆ ಅಪೂರ್ಣವೆಂದೇ ತಿಳಿದು ದುಡಿದರು. ನಮ್ಮ ಆಸ್ಪತ್ರೆಗಳು ಆ ಅಳತೆಗೋಲನ್ನು ಒಪ್ಪಿಕೊಳ್ಳಬೇಕಾಗಿದೆ.